ಬಿದ್ದ ಯೂ ಮರವನ್ನು ಎತ್ತಿ ನಿಲ್ಲಿಸುವ ಕೆಲಸ: ಸೆಲ್ಬೋರ್ನ್ ಚರ್ಚಿನ ಅಂಗಳದಿಂದ ಒಂದು ಲೆಕ್ಕ

ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ಸೆಲ್ಬೋರ್ನ್ ಎಂಬ ಹಳ್ಳಿ. ಅಲ್ಲಿನ ಸೇಂಟ್ ಮೇರಿ ಚರ್ಚಿನ ಸ್ಮಶಾನದಲ್ಲಿದ್ದ ಯೂ ಮರ (ನಿಧಾನವಾಗಿ ಬೆಳೆದು ಶತಮಾನಗಟ್ಟಲೆ ಬಾಳುವ ನಿತ್ಯಹಸಿರು ಮರ) 1990ರ ಜನವರಿ 25ರ ಬಿರುಗಾಳಿಗೆ ಬುಡಸಮೇತ ಉರುಳಿತು. ಅದೇ ಊರಿನ ಪಾದ್ರಿ, ಗಿಡ ಹಕ್ಕಿಗಳ ಬಗ್ಗೆ ಬರೆದು ಹೆಸರಾದ ಗಿಲ್ಬರ್ಟ್ ವೈಟ್, 1789ರಲ್ಲಿ ಅಚ್ಚಾದ ತಮ್ಮ ಪುಸ್ತಕದಲ್ಲಿ ಈ ಮರದ ಸುತ್ತಳತೆ 23 ಅಡಿ ಎಂದು ದಾಖಲಿಸಿದ್ದರು. ಬೀಳುವ ಹೊತ್ತಿಗೆ ಅದು ಸುಮಾರು 26 ಅಡಿ, ಅಂದರೆ 7.9 ಮೀಟರ್ ಆಗಿತ್ತು. ಇನ್ನೂರು ವರ್ಷಕ್ಕೆ ಮೂರಡಿ. ವರ್ಷಕ್ಕೆ ಐದು ಮಿಲಿಮೀಟರ್ ಕೂಡ ಇಲ್ಲ. ಮುಂದಿನದನ್ನು ಓದುವಾಗ ಈ ವೇಗ ನೆನಪಿರಲಿ: ಇಷ್ಟು ನಿಧಾನವಾಗಿ ಬೆಳೆಯುವ ಮರ ಕಳೆದುಕೊಂಡ ಬೇರನ್ನು ಬೇಗ ಮರಳಿ ಪಡೆಯುತ್ತದೆ ಎಂದು ನಂಬುವಂತಿಲ್ಲ.

ಕೊಂಬೆಗಳನ್ನು ಕಡಿದರು, ಬುಡದ ಗುಂಡಿಯಲ್ಲಿ ಪುರಾತತ್ತ್ವದವರು ಅಗೆದು ನೋಡಿದರು, ಆಮೇಲೆ ಮುಂಡವನ್ನು ವಿಂಚು (ಹಗ್ಗದಿಂದ ಭಾರ ಎಳೆಯುವ ಸಾಧನ) ಹಾಕಿ ಎಳೆದು ನೆಟ್ಟಗೆ ನಿಲ್ಲಿಸಿದರು. ಮರ ಉಳಿಯಲಿಲ್ಲ. ಒಣಗಿದ ಬುಡ ಅಂಗಳದಲ್ಲೇ ಇದೆ, ಅದರ ಕಡ್ಡಿಯಿಂದ ಬೆಳೆಸಿದ ಸಸಿಯನ್ನೂ ಅಲ್ಲಿಯೇ ನೆಟ್ಟಿದ್ದಾರೆ. ಇಂಥದೇ ಮರ ನಾಳೆ ಇನ್ನೊಂದು ಚರ್ಚಿನ ಅಂಗಳದಲ್ಲಿ ಬಿದ್ದರೆ ಮೊದಲ ಗಂಟೆಯಿಂದ ಮೂರನೇ ವರ್ಷದವರೆಗೆ ಏನು ಮಾಡಬೇಕು, ಎಲ್ಲಿ ಕೈತಪ್ಪುತ್ತದೆ ಎಂಬುದನ್ನು ಸೆಲ್ಬೋರ್ನಿನ ಮರದ ಅಳತೆ ಇಟ್ಟುಕೊಂಡೇ ಇಲ್ಲಿ ಬರೆದಿದೆ.

ಮೊದಲ ದಿನ: ಬೇರು ಒಣಗಬಾರದು

ಮರ ಬಿದ್ದ ಕೂಡಲೇ ಎಲ್ಲರ ಕಣ್ಣೂ ಕಾಂಡದ ಮೇಲೆ, ಮುರಿದ ಗೋರಿಕಲ್ಲುಗಳ ಮೇಲೆ. ನಿಜವಾಗಿ ಹೊತ್ತು ಮೀರುತ್ತಿರುವುದು ಬೇರಿಗೆ. ನೀರು ಹೀರುವ ಕೆಲಸವೆಲ್ಲ 2 ಮಿಮೀಗಿಂತ ಸಣ್ಣ ನಾರುಬೇರುಗಳದು. ಗಾಳಿಗೆ ತೆರೆದುಕೊಂಡರೆ ಅವು ಅದೇ ದಿನ ಸಾಯತೊಡಗುತ್ತವೆ. ಬಿರುಗಾಳಿ ನಿಂತ ಮೇಲೆ ಬೀಸುವ ಒಣಗಾಳಿ ಬಿಸಿಲಿಗಿಂತ ಕೆಟ್ಟದ್ದು.

ಗೋಣಿತಟ್ಟನ್ನು ನೀರಲ್ಲಿ ನೆನೆಸಿ ಎರಡು ಪದರ ಹೊದಿಸಬೇಕು. ಅದರ ಮೇಲೆ ಹುಲ್ಲು, ಹುಲ್ಲಿನ ಮೇಲೆ ಗಾಳಿಗೆ ಹಾರದಂತೆ ತಾಡಪಾಲು. 4 ಮೀಟರ್ ಅಗಲದ ಬೇರುಗಡ್ಡೆ ಎಂದಿಟ್ಟುಕೊಂಡರೆ ಮುಖಕ್ಕೆ 12.5 ಚದರ ಮೀಟರ್ ಆಗುತ್ತದೆ, ಅಂಚು ಮತ್ತು ಮಡಿಕೆ ಸೇರಿ ಪದರಕ್ಕೆ 20 ಚದರ ಮೀಟರ್ ತಟ್ಟು ಬೇಕು. ದಿನಕ್ಕೆ ಎರಡು ಸಲ ಹೂಕುಂಡಕ್ಕೆ ಹಾಕುವಂತೆ ಜಾಲರಿ ಮೂತಿಯಿಂದ ನೀರು ಹನಿಸಿದರೆ ಸಾಕು. ಒತ್ತಡದ ಪೈಪು ಹಿಡಿದರೆ ಬೇರಿಗೆ ಅಂಟಿದ ಮಣ್ಣೆಲ್ಲ ತೊಳೆದುಹೋಗಿ, ನಾರುಬೇರೂ ಅದರ ಜೊತೆ ಹೋಗುತ್ತದೆ.

ಗುಂಡಿಯ ಒಳಗೂ ಹೊದಿಸಬೇಕು. ನೆಲದಲ್ಲಿ ಉಳಿದ ತುಂಡುಬೇರುಗಳನ್ನು ಕಿತ್ತುಹಾಕುವ ಅವಸರ ಬೇಡ. ಸೀಳಿದ ಬೇರುಗಳಲ್ಲಿ 25 ಮಿಮೀಗಿಂತ ದಪ್ಪದವನ್ನು ಮಾತ್ರ ಹರಿತವಾದ ಕೈಗರಗಸದಿಂದ, ಗಟ್ಟಿಮರ ಸಿಗುವವರೆಗೆ ಹಿಂದಕ್ಕೆ ಬಂದು, ನೇರವಾಗಿ ಕತ್ತರಿಸಬೇಕು. ಗಾಯಕ್ಕೆ ಡಾಂಬರು, ಬಣ್ಣ ಯಾವುದೂ ಬೇಡ. ಅದು ತೇವವನ್ನು ಒಳಗೆ ಹಿಡಿದಿಟ್ಟು ಕೊಳೆತಕ್ಕೆ ದಾರಿ ಮಾಡುತ್ತದೆ.

ಅದೇ ದಿನ ಮಾಡಬೇಕಾದ ಇನ್ನೊಂದು ಕೆಲಸ ಕಡ್ಡಿ ಸಂಗ್ರಹ. ಎಲೆ ಹಸಿರಾಗಿರುವಾಗಲೇ ಆಗಬೇಕು. ಅದರ ವಿವರ ಕೊನೆಯಲ್ಲಿದೆ.

ಗುಂಡಿಗೆ ಇಳಿಯುವ ಮುನ್ನ

ಈ ಕೆಲಸದಲ್ಲಿ ಜೀವಕ್ಕೇ ಅಪಾಯ ತರುವ ಜಾಗ ಇದು. ಅಡ್ಡಬಿದ್ದ ಮರದ ಬೇರುಗಡ್ಡೆ ಗೋಡೆಯಂತೆ ಎದ್ದು ನಿಂತಿರುತ್ತದೆ. ಅದು ಹಾಗೆ ನಿಂತಿರುವುದು ಆಚೆ ಬದಿಯಲ್ಲಿ ಕಾಂಡ ಮತ್ತು ಕೊಂಬೆಗಳ ಭಾರ ಇರುವುದರಿಂದ. ಕೊಂಬೆ ಕಡಿಯುತ್ತ ಹೋದಂತೆ ಆ ಭಾರ ಕಡಿಮೆಯಾಗುತ್ತದೆ, ಒಂದು ಹಂತದಲ್ಲಿ ಬೇರುಗಡ್ಡೆ ಸದ್ದಿಲ್ಲದೆ ಗುಂಡಿಗೆ ವಾಪಸು ಮಗುಚುತ್ತದೆ.

ತೂಕವನ್ನು ಅಂದಾಜು ಮಾಡೋಣ. 7.9 ಮೀ ಸುತ್ತಳತೆಯ ಕಾಂಡದ ಅಡ್ಡಕೊಯ್ತ ಸುಮಾರು 5 ಚದರ ಮೀಟರ್. ಎರಡು ಮೀಟರ್ ಎತ್ತರದ ಮುಂಡ ಎಂದರೆ 10 ಘನ ಮೀಟರ್. ಹಳೆಯ ಯೂ ಒಳಗೆ ಪೊಟರೆ, ಹೊರಗೆ ಮಡಿಕೆ ಮಡಿಕೆ. ಆದ್ದರಿಂದ ಅರ್ಧ ಹಿಡಿದರೆ 5 ಘನ ಮೀಟರ್ ಹಸಿಮರ, ಹತ್ತಿರಹತ್ತಿರ 5 ಟನ್. ಬೇರುಗಡ್ಡೆ 4 ಮೀ ಅಗಲ, ಅರ್ಧ ಮೀಟರ್ ದಪ್ಪ ಎಂದರೆ ಮಣ್ಣು ಸೇರಿ 10ರಿಂದ 11 ಟನ್. ಅಂದರೆ ಕಾಂಡಕ್ಕಿಂತ ಗಡ್ಡೆಯೇ ಎರಡರಷ್ಟು ಭಾರ. ಗುಂಡಿಯಲ್ಲಿ ಮೂಳೆ ಹುಡುಕುತ್ತ ಕುಳಿತವರ ತಲೆಯ ಮೇಲೆ ನಿಂತಿರುವುದು ಇಷ್ಟು.

ಆದ್ದರಿಂದ ಒಂದೇ ನಿಯಮ: ಬೇರುಗಡ್ಡೆಯನ್ನು ಹಿಂದಿನಿಂದ ಕಟ್ಟಿ ಬಿಗಿದು, ಕೆಳಗೆ ಮರದ ದಿಮ್ಮಿಗಳಿಂದ ಆನಿಕೆ ಕೊಡುವವರೆಗೆ ಗುಂಡಿಗೆ ಯಾರೂ ಇಳಿಯಬಾರದು. ಆನಿಕೆ ಕೊಟ್ಟ ಮೇಲೂ ಗುಂಡಿಯಲ್ಲಿ ಜನ ಇರುವಾಗ ಮೇಲೆ ಗರಗಸ ಓಡಬಾರದು. ಎರಡು ಕೆಲಸ ಒಟ್ಟಿಗೆ ಮುಗಿಸುವ ಆಸೆಗೆ ಬೀಳುವುದು ಸಾಮಾನ್ಯ. ಬೀಳಬೇಡಿ.

ಪುರಾತತ್ತ್ವದ ಅಗೆತವನ್ನು ತಪ್ಪಿಸುವಂತಿಲ್ಲ, ತಪ್ಪಿಸಲೂಬಾರದು. ಸೆಲ್ಬೋರ್ನಿನಲ್ಲಿ ಬೇರುಗಳ ನಡುವೆ ಮಧ್ಯಯುಗದ ಸಮಾಧಿಗಳು ಸಿಕ್ಕವು. ಇಂಥ ಅಂಗಳಗಳಲ್ಲಿ ನೂರಾರು ವರ್ಷ ಒಂದರ ಮೇಲೊಂದು ಹೂತಿರುತ್ತಾರೆ, ಯೂ ಬೇರು ಪೆಟ್ಟಿಗೆಯನ್ನೂ ಮೂಳೆಯನ್ನೂ ಸುತ್ತಿಕೊಂಡು ಬೆಳೆದಿರುತ್ತದೆ. ಮೂಳೆ ಬಿಡಿಸಲು ಜೀವಂತ ಬೇರು ಕಡಿಯುವ ಮುನ್ನ ಮರದವರನ್ನು ಕೇಳಬೇಕು, ಬೇರು ಬಿಡಿಸಲು ಮೂಳೆ ಕದಲಿಸುವ ಮುನ್ನ ಪುರಾತತ್ತ್ವದವರನ್ನು ಕೇಳಬೇಕು. ಜರಡಿ ಹಿಡಿದ ಮಣ್ಣನ್ನು ಪದರವಾರು ಬೇರೆಬೇರೆ ರಾಶಿ ಹಾಕಿ ಒದ್ದೆ ತಟ್ಟು ಮುಚ್ಚಿಡಬೇಕು. ಅದೇ ಮಣ್ಣು ವಾಪಸು ಹೋಗಬೇಕು.

ಅನುಮತಿಗಳ ಬಗ್ಗೆ ಚುಟುಕಾಗಿ: ಚರ್ಚ್ ಆಫ್ ಇಂಗ್ಲೆಂಡಿನ ಅಂಗಳದಲ್ಲಿ ಮರ, ಗೋರಿ, ಗೋಡೆ ಎಲ್ಲಕ್ಕೂ ಡಯಾಸಿಸ್‌ನ, ಅಂದರೆ ಬಿಷಪ್ಪರ ಆಡಳಿತ ವಲಯದ, ಒಪ್ಪಿಗೆ ಬೇಕು. ಸಂರಕ್ಷಿತ ವಲಯದಲ್ಲಿದ್ದರೆ ನಿಂತ ಮರಕ್ಕೆ ಕೈಹಾಕುವ ಆರು ವಾರ ಮೊದಲು ಸ್ಥಳೀಯ ಆಡಳಿತಕ್ಕೆ ತಿಳಿಸಬೇಕು. ಪೊಟರೆಯಲ್ಲಿ ಬಾವಲಿ ಇದೆಯೇ ಎಂದು ನೋಡಿಸಬೇಕು.

ಎಷ್ಟು ಕಡಿಯಬೇಕು

ಸೆಲ್ಬೋರ್ನಿನ ಪಾಠವೆಲ್ಲ ಇರುವುದು ಇಲ್ಲಿ. ಭಾರ ಇಳಿಸಲು, ಮತ್ತೆ ಗಾಳಿಗೆ ಬೀಳದಿರಲು ಕೊಂಬೆ ಕಡಿಯಲೇಬೇಕು. ಬೇರು ಹರಿದ ಮರಕ್ಕೆ ಎಲೆ ಹೆಚ್ಚಿದ್ದರೆ ನೀರು ಸಾಲದು ಎಂಬುದೂ ನಿಜ. ಆದರೆ ಹೊಸ ಬೇರು ಹೊರಡಿಸಲು ಬೇಕಾದ ಸಕ್ಕರೆ ತಯಾರಾಗುವುದು ಆ ಎಲೆಯಲ್ಲೇ. ಎಲ್ಲ ಎಲೆ ತೆಗೆದ ಮರ ಕಾಂಡದಲ್ಲಿ ಕೂಡಿಟ್ಟದ್ದನ್ನೇ ಖರ್ಚುಮಾಡಬೇಕು. ಹಳೆಯ ಯೂ ಮರದಲ್ಲಿ ಜೀವಂತ ಮರ ಎಂದರೆ ತೊಗಟೆಯ ಕೆಳಗಿನ ಬೆಳ್ಳನೆಯ ತೆಳುಪದರ ಅಷ್ಟೇ, ಒಳಗಿನದು ಸತ್ತ ಚೇಗು ಇಲ್ಲವೇ ಬರೀ ಪೊಟರೆ. ಕಾಂಡ ಎಷ್ಟೇ ದೊಡ್ಡದಿರಲಿ, ಉಗ್ರಾಣ ಚಿಕ್ಕದು.

ಯೂ ಹಳೆಯ ಮರದಿಂದಲೂ ಚಿಗುರುತ್ತದೆ, ಪೈನ್‌ನಂಥ ಹೆಚ್ಚಿನ ಶಂಕುಮರಗಳಿಗೆ ಈ ಗುಣವಿಲ್ಲ. ಇದನ್ನೇ ನಂಬಿ ಮುಂಡವಾಗಿ ಕಡಿಯಲು ಧೈರ್ಯ ಮಾಡುತ್ತಾರೆ. ಬೇರು ನೆಟ್ಟಗಿರುವ ಮರದಲ್ಲಿ ಆ ಧೈರ್ಯ ಫಲಿಸುತ್ತದೆ. ಬೇರನ್ನೂ ಎಲೆಯನ್ನೂ ಒಟ್ಟಿಗೆ ಕಳೆದುಕೊಂಡ ಮರದಲ್ಲಿ ಚಿಗುರು ಬಂದರೂ ಅದು ಉಳಿದ ಬಂಡವಾಳದಿಂದ ಬಂದದ್ದು. ಹಸಿರು ಕಂಡಿತೆಂದು ಮರ ಹಿಡಿಯಿತು ಎಂದುಕೊಳ್ಳಬಾರದು.

ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. ಬೇರಿನ ಕಾಲುಭಾಗವಾದರೂ ನೆಲದಲ್ಲಿ ಉಳಿದಿದ್ದರೆ ಮರವನ್ನು ಎತ್ತಬೇಡಿ. ಮಲಗಿದ ಯೂ ಬದುಕುತ್ತದೆ. ನೆಲಕ್ಕೆ ತಾಗಿದ ಕೊಂಬೆ ಅಲ್ಲೇ ಬೇರುಬಿಡುತ್ತದೆ, ಮೇಲ್ಮುಖದ ರೆಂಬೆಗಳು ಹೊಸ ಕಾಂಡಗಳಾಗುತ್ತವೆ. ತೆರೆದ ಬೇರಿಗೆ ಮಣ್ಣು ಏರಿಸಿ, ದಾರಿಗೆ ಅಡ್ಡವಾದರೆ ದಾರಿಯನ್ನೇ ಎರಡು ಮೀಟರ್ ಸರಿಸಿ, ಮುರಿದ ಕೊಂಬೆ ಮಾತ್ರ ತೆಗೆದು, ಕಾಂಡಕ್ಕೆ ದಿಮ್ಮಿ ಆನಿಸಿ ಬಿಡುವುದು ಮೇಲು. ನೆಟ್ಟಗೆ ನಿಂತ ಮರ ನೋಡುವ ಆಸೆ ಜನರದು, ಮರಕ್ಕೆ ಅದರ ಅಗತ್ಯವಿಲ್ಲ. ಪೂರ್ತಿ ಕಿತ್ತುಬಂದು ಬೇರೆಲ್ಲ ಗಾಳಿಯಲ್ಲಿದ್ದರೆ ಮಾತ್ರ ಎತ್ತುವ ಮಾತು. ಆಗಲೂ ಹಸಿರಿನ ಮೂರನೇ ಒಂದು ಭಾಗವನ್ನಾದರೂ ಉಳಿಸಿಕೊಳ್ಳುವ ಲೆಕ್ಕದಲ್ಲಿ ಕಡಿಯಿರಿ, ಗಾಳಿಯ ಹೊಡೆತವನ್ನು ಕಟ್ಟುಹಗ್ಗಗಳು ತಡೆಯಲಿ.

ಕರ್ನಾಟಕದವರಿಗೆ ಸವಣೂರಿನ ಉದಾಹರಣೆ ನೆನಪಾಗಬಹುದು. ಅಲ್ಲಿನ ದೊಡ್ಡಹುಣಸೆ ಮಠದ ಆವರಣದ ಮೂರು ಬಾವೊಬಾಬ್ ಮರಗಳಲ್ಲಿ ಒಂದು 2023ರ ಜುಲೈ ಮಳೆಯಲ್ಲಿ ಉರುಳಿದಾಗ ಅದನ್ನು ಎತ್ತಿ ಮತ್ತೆ ನೆಟ್ಟರು. ಬಾವೊಬಾಬ್‌ನ ಕಾಂಡವೇ ನೀರಿನ ತೊಟ್ಟಿ, ಹಸಿಮರದ ತೂಕದಲ್ಲಿ ಮುಕ್ಕಾಲು ಪಾಲು ನೀರು. ಬೇಸಗೆಯಲ್ಲಿ ಎಲೆ ಉದುರಿಸಿ ಕೂರುವುದೂ ಅದಕ್ಕೆ ರೂಢಿ. ವರ್ಷವಿಡೀ ಎಲೆ ಹೊತ್ತು, ತೆಳುಪದರದಲ್ಲಿ ಜೀವ ಹಿಡಿದುಕೊಂಡಿರುವ ಯೂ ಮರಕ್ಕೆ ಆ ಅನುಕೂಲ ಇಲ್ಲ. ಒಂದರ ಕ್ರಮವನ್ನು ಇನ್ನೊಂದಕ್ಕೆ ಹಾಗೇ ಹಾಕುವಂತಿಲ್ಲ.

ಯೂ ಕಡಿಯುವಾಗ ಪಾಲಿಸಬೇಕಾದ ಒಂದು ಮಾತು: ಕೆಂಪು ಹಣ್ಣಿನ ತಿರುಳೊಂದನ್ನು ಬಿಟ್ಟು ಎಲೆ, ಬೀಜ, ತೊಗಟೆ ಎಲ್ಲವೂ ವಿಷ. ಕತ್ತರಿಸಿದ ಸೊಪ್ಪನ್ನು ಗೋಡೆಯಾಚೆಯ ಹುಲ್ಲುಗಾವಲಿಗೆ ಎಸೆದರೆ ದನ, ಕುದುರೆ ಸಾಯುತ್ತವೆ. ಒಣಗಿದರೂ ವಿಷ ಇಳಿಯದು. ಅದೇ ದಿನ ಗಾಡಿಗೆ ತುಂಬಿ ಕಳಿಸಬೇಕು. ಗರಗಸದ ಹುಡಿಗೆ ಮುಖವಾಡ ಕಡ್ಡಾಯ.

ಎತ್ತುವುದು

ಬೇಕಾದದ್ದು: 3.2 ಟನ್ ಸಾಮರ್ಥ್ಯದ ಕೈವಿಂಚು ಎರಡು, ಒಂದು ಎಳೆಯಲು, ಇನ್ನೊಂದು ತಡೆಯಲು. ಅದೇ ತೂಕ ತಾಳುವ ರಾಟೆ ಎರಡು. 150 ಮಿಮೀ ಅಗಲದ ಪಾಲಿಯೆಸ್ಟರ್ ಪಟ್ಟಿ ನಾಲ್ಕು. ತೊಗಟೆಗೆ ಅಡ್ಡ ಇಡಲು 50×25 ಮಿಮೀ ಮರದ ರೀಪುಗಳು ಮತ್ತು ಹಳೆಯ ರಬ್ಬರ್ ಹಾಳೆ. ಯೂ ತೊಗಟೆ ತೆಳು, ಹಸಿಯಿರುವಾಗ ಪಟ್ಟಿ ಜಾರಿದರೆ ಸುತ್ತಲೂ ಸುಲಿದು ಬರುತ್ತದೆ. ಸುತ್ತ ಸುಲಿದರೆ ಅಲ್ಲಿಗೆ ಮರದ ಕತೆ ಮುಗಿಯಿತು. ಪೊಟರೆ ಇರುವ ಕಾಂಡವನ್ನು ಒಂದೇ ಪಟ್ಟಿಯಿಂದ ಬಿಗಿದರೆ ಒಳಕ್ಕೆ ಕುಸಿಯುತ್ತದೆ, ಆದ್ದರಿಂದ ಎರಡು ಎತ್ತರದಲ್ಲಿ ಹಿಡಿದು ಭಾರ ಹಂಚಬೇಕು, ಪೊಟರೆಯೊಳಗೆ ಅಡ್ಡದಿಮ್ಮಿ ಕೊಡಬೇಕು.

ಸ್ಮಶಾನದಲ್ಲಿ ನೆಲಕ್ಕೆ ಗೂಟ ಹೊಡೆಯುವಂತಿಲ್ಲ, ಕೆಳಗೆ ಗೋರಿಗಳಿವೆ. ಭಾರದ ಲಂಗರು ಬೇಕು. 3 ಟನ್ ಅಡ್ಡಸೆಳೆತ, ಹುಲ್ಲುನೆಲದ ಮೇಲೆ ಘರ್ಷಣೆಯ ಗುಣಾಂಕ 0.4 ಎಂದರೆ ಜಾರದಿರಲು 7.5 ಟನ್ ಭಾರ ಬೇಕು. ಸುರಕ್ಷತೆಗೆ ಎರಡು ಪಟ್ಟು ಹಿಡಿದರೆ 15 ಟನ್. ಒಂದು ಘನ ಮೀಟರ್ ಕಾಂಕ್ರೀಟ್ ಕಟ್ಟೆ 2.4 ಟನ್ ತೂಗುತ್ತದೆ, ಹಾಗಾಗಿ ಆರು ಕಟ್ಟೆಗಳಿಗೂ ಸ್ವಲ್ಪ ಮೇಲೆ. ಅವನ್ನು ಅಂಗಳದೊಳಗೆ ತರುವುದಕ್ಕಿಂತ ಗೋಡೆಯಾಚೆಯ ಗಟ್ಟಿ ರಸ್ತೆಯಲ್ಲಿ ಭಾರದ ವಾಹನ ನಿಲ್ಲಿಸಿ ಅದಕ್ಕೆ ಕಟ್ಟುವುದು ಸಾಧ್ಯವಾದರೆ ಅದೇ ಒಳ್ಳೆಯದು. ಹಗ್ಗದ ದಾರಿಯಲ್ಲಿರುವ ಗೋರಿಕಲ್ಲುಗಳಿಗೆ 18 ಮಿಮೀ ಪ್ಲೈವುಡ್ಡಿನ ಪೆಟ್ಟಿಗೆ ಮುಚ್ಚಬೇಕು.

ಎಳೆತ ಶುರುವಾದಾಗ ಮೊದಲು ಬಲ ಹೆಚ್ಚು ಬೇಕು, ಕಾಂಡದ ಭಾರ ಎದುರು ಎಳೆಯುತ್ತಿರುತ್ತದೆ. ಸ್ವಲ್ಪ ಎದ್ದ ಮೇಲೆ ಗಡ್ಡೆಯ ಭಾರ ತಾನೇ ಗುಂಡಿಗೆ ಎಳೆಯತೊಡಗುತ್ತದೆ, ಎಳೆಯುವ ಹಗ್ಗ ಸಡಿಲವಾಗುತ್ತದೆ. ಆ ಕ್ಷಣದಿಂದ ಕೆಲಸವೆಲ್ಲ ತಡೆಹಗ್ಗದ್ದು. ಅದು ಮೊದಲೇ ಬಿಗಿಯಾಗಿ ಇರದಿದ್ದರೆ ಹತ್ತು ಟನ್ ಗಡ್ಡೆ ಧೊಪ್ಪನೆ ಕೂತು, ಉಳಿದಿದ್ದ ಬೇರುಗಳೂ ಕೆಳಗೆ ಸಿಕ್ಕಿ ಜಜ್ಜಿಹೋಗುತ್ತವೆ. ಒಂದೊಂದು ಗೇಣು ಬಿಡುತ್ತ, ನಿಲ್ಲಿಸುತ್ತ, ಮಡಚಿಕೊಂಡ ಬೇರುಗಳನ್ನು ಉದ್ದನೆಯ ಕೋಲಿನಿಂದ ಹೊರಕ್ಕೆ ಹರಡುತ್ತ ಇಳಿಸಬೇಕು. ಕೈ ಹಾಕುವಂತಿಲ್ಲ.

ಕೂತ ಮೇಲೆ ತೆಗೆದಿಟ್ಟ ಮಣ್ಣನ್ನು 15 ಸೆಂಮೀ ಪದರಗಳಲ್ಲಿ ತುಂಬಿ, ಪ್ರತಿ ಪದರವನ್ನು ಕಾಲಿನಿಂದ ಮೆಟ್ಟಿ, ನೀರು ಬಿಟ್ಟು ಇಂಗಿಸಬೇಕು. ದಮ್ಮಸು ಯಂತ್ರ ಬೇಡ. ಗೊಬ್ಬರ ಬೇಡ. ಮೊದಲಿದ್ದ ಮಣ್ಣಿನ ಮಟ್ಟಕ್ಕಿಂತ ಒಂದು ಬೆರಳೂ ಮೇಲೆ ಏರಿಸಬಾರದು, ಬುಡದ ತೊಗಟೆ ಮಣ್ಣಲ್ಲಿ ಮುಚ್ಚಿದರೆ ಕೊಳೆಯುತ್ತದೆ. ಮೇಲೆ 8 ಸೆಂಮೀ ಮರದ ಚಕ್ಕೆಯ ಹೊದಿಕೆ, ಕಾಂಡದಿಂದ ಒಂದು ಗೇಣು ಬಿಟ್ಟು. ಮೂರು ದಿಕ್ಕಿಗೆ ಕಟ್ಟುಹಗ್ಗ ಹಾಕಿ ಮೂರು ವರ್ಷ ಇರಿಸಿ, ಪಟ್ಟಿಗಳ ಜಾಗವನ್ನು ವರ್ಷಕ್ಕೊಮ್ಮೆ ಬದಲಿಸಬೇಕು.

ನೀರಿನ ಲೆಕ್ಕ: ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಿಲ್ಲದ ವಾರದಲ್ಲಿ 25 ಮಿಮೀ, ಅಂದರೆ 12.5 ಚದರ ಮೀಟರಿಗೆ ಸುಮಾರು 310 ಲೀಟರ್. ಹಾಕುವ ಮುನ್ನ ಕೊರೆಗೋಲಿನಿಂದ 15 ಮತ್ತು 30 ಸೆಂಮೀ ಆಳದ ಮಣ್ಣು ತೆಗೆದು ಹಿಂಡಿ ನೋಡಬೇಕು. ಉಂಡೆಯಾದರೆ ಆ ವಾರ ನೀರು ಬೇಡ. ಯೂ ಒಣನೆಲ ತಾಳುತ್ತದೆ, ನಿಂತ ನೀರು ತಾಳದು. ಪ್ರೀತಿಯಿಂದ ದಿನವೂ ನೀರೆರೆದು ಬೇರು ಕೊಳೆಸುವುದು ಬರಕ್ಕಿಂತ ಹೆಚ್ಚು ಸಲ ಆಗುವ ತಪ್ಪು.

ನಿಂತ ಮರದ ಸುತ್ತ ಎಷ್ಟು ನೆಲ ಮುಟ್ಟಬಾರದು ಎಂಬುದಕ್ಕೂ ಲೆಕ್ಕವಿದೆ. ಇಂಗ್ಲೆಂಡಿನಲ್ಲಿ ಪ್ರಾಚೀನ ಮರಗಳಿಗೆ ಕಾಂಡದ ವ್ಯಾಸದ 15 ಪಟ್ಟು, ಅಥವಾ ಕೊಂಬೆಯಂಚಿನಿಂದ 5 ಮೀಟರ್ ಆಚೆಗೆ, ಎರಡರಲ್ಲಿ ಹೆಚ್ಚಿನದನ್ನು ಹಿಡಿಯುತ್ತಾರೆ. ಸೆಲ್ಬೋರ್ನ್ ಮರದ ವ್ಯಾಸ ಎರಡೂವರೆ ಮೀಟರ್. ಹದಿನೈದು ಪಟ್ಟು ಎಂದರೆ 37 ಮೀಟರಿಗೂ ಮೇಲೆ. ಆ ವೃತ್ತದೊಳಗೆ ಗೋರಿಗಳೂ ದಾರಿಯೂ ಚರ್ಚಿನ ಗೋಡೆಯೂ ಬರುತ್ತವೆ. ಗೋಡೆಯ ಕೆಲಸವೂ ಮರದ ಕೆಲಸವೇ ಆಗುವುದು ಹೀಗೆ.

ಗೋಡೆ

ಯಂತ್ರಗಳ ಓಡಾಟಕ್ಕೆ ಹಳೆಯ ಗೋಡೆಯ ಸಂದುಗಳು ಬಾಯಿಬಿಡುತ್ತವೆ. ಸೆಲ್ಬೋರ್ನಿನ ಸುತ್ತಲ ಕಟ್ಟಡಗಳ ಕಲ್ಲು ಮಾಮ್ ಎನ್ನುವ ಮೆತ್ತನೆಯ ಬಿಳಿಗಲ್ಲು. ಆ ಊರಿನ ಕಲ್ಲುಕುಟಿಗರು ಕಬ್ಬಿಣಗಲ್ಲನ್ನು ದೊಡ್ಡ ಮೊಳೆಯ ತಲೆಯಷ್ಟು ಚೂರು ಮಾಡಿ ಹಸಿಗಾರೆಗೆ ಒತ್ತುತ್ತಿದ್ದರು. ನಿಮ್ಮ ಗೋಡೆಗಳನ್ನು ಮೊಳೆ ಹೊಡೆದು ಕೂಡಿಸಿದ್ದೀರಾ ಎಂದು ಹೊಸಬರು ಕೇಳುತ್ತಿದ್ದರೆಂದು ವೈಟ್ ಬರೆದಿದ್ದಾರೆ. ಚೂರು ಚಂದಕ್ಕಷ್ಟೇ ಅಲ್ಲ. ಅಗಲ ಸಂದಿನಲ್ಲಿ ಗಾರೆಯ ಪ್ರಮಾಣ ಕಡಿಮೆಮಾಡಿ ಬಿರುಕು ತಡೆಯುತ್ತದೆ, ಮಳೆಗೆ ಗಾರೆ ಸವೆಯದಂತೆ ಕಾಯುತ್ತದೆ.

ಇಂಥ ಗೋಡೆಗೆ ಸಿಮೆಂಟು ಹಾಕಿದವರು ಗೋಡೆ ಕೆಡಿಸಿದಂತೆಯೇ. ಸಿಮೆಂಟಿನ ಸಂದು ನೀರನ್ನು ಹೊರಬಿಡದು, ತೇವವೆಲ್ಲ ಮೆತ್ತನೆಯ ಕಲ್ಲಿನಿಂದಲೇ ಹೊರಡಬೇಕಾಗುತ್ತದೆ, ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಕಲ್ಲಿನ ಮುಖ ಹಪ್ಪಳೆ ಏಳುತ್ತದೆ. ಕೊನೆಗೆ ಸಿಮೆಂಟು ಗೆರೆಗಳು ಉಬ್ಬಿ ನಿಂತು ಕಲ್ಲು ಒಳಗೆ ಗುಳಿಬೀಳುತ್ತದೆ.

ಸಡಿಲ ಗಾರೆಯನ್ನು ಉಳಿ ಸುತ್ತಿಗೆಯಿಂದ, ಸಂದಿನ ಅಗಲದ ಎರಡು ಪಟ್ಟು ಆಳಕ್ಕೆ, ಕನಿಷ್ಠ 25 ಮಿಮೀ ಕೆರೆಯಬೇಕು. ಗ್ರೈಂಡರ್ ತಾಗಿಸಬಾರದು. ಹಿಂದಿನ ಸಂಜೆಯೇ ನೀರು ಚಿಮುಕಿಸಬೇಕು. ಮೆತ್ತನೆಯ ಕಲ್ಲಿಗೆ ಎನ್‌ಎಚ್‌ಎಲ್ 2 ದರ್ಜೆಯ ಸುಣ್ಣ (ನೀರು ಸೇರಿದರೆ ಗಟ್ಟಿಯಾಗುವ ಸಹಜ ಸುಣ್ಣದಲ್ಲಿ ಮೆದು ದರ್ಜೆಯದು) ಒಂದು ಪಾಲು, ದಪ್ಪ ಮೊನಚು ಮರಳು ಎರಡೂವರೆ ಪಾಲು. ಗೋಡೆಯ ಮುಖದಲ್ಲಿ ಕಾಲುಭಾಗ ಸಂದು, 40 ಮಿಮೀ ಆಳ ಎಂದರೆ ಚದರ ಮೀಟರಿಗೆ 10 ಲೀಟರ್, ಅಂದರೆ ಸುಮಾರು 20 ಕಿಲೋ ಗಾರೆ. ನೀರು ಹೆಚ್ಚಾದರೆ ಕುಗ್ಗಿ ಬಿರಿಯುತ್ತದೆ, ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಂತು ಕೈ ಒದ್ದೆಯಾಗದ ಹದ ಬೇಕು. ಕರಣೆಯಿಂದ ಒತ್ತಿ ತುಂಬಿ, ಹಸಿಯಿರುವಾಗಲೇ ಚೂರುಗಳನ್ನು ಕೂರಿಸಿ, ಗಾರೆ ಉಗುರಿಗೆ ಗಟ್ಟಿಯೆನಿಸಿದ ಮೇಲೆ ಗಡುಸು ಕುಂಚದಿಂದ ಕುಟ್ಟಿ ಮುಖ ತೆರೆಯಬೇಕು. ಏಳು ದಿನ ಒದ್ದೆ ಗೋಣಿ ಇಳಿಬಿಡಬೇಕು. 5 ಡಿಗ್ರಿಗಿಂತ ಚಳಿಯಿದ್ದರೆ ಕೆಲಸಕ್ಕೆ ಕೈಹಾಕಬೇಡಿ. ಜನವರಿಯಲ್ಲಿ ಬಿದ್ದ ಮರದ ಜೊತೆಗಿನ ಗೋಡೆಕೆಲಸ ಏಪ್ರಿಲ್‌ಗೆ ಕಾಯಲೇಬೇಕು. ಬಕೆಟ್ ತೊಳೆದ ಸುಣ್ಣದ ನೀರು ಮರದ ಬುಡಕ್ಕೆ ಹೋಗದಂತೆ ಬೇರೆ ತೊಟ್ಟಿ ಇಡಿ.

ಕಡ್ಡಿ

ಮರ ಉಳಿಯದಿದ್ದರೆ ಉಳಿಯುವುದು ಇದೇ. ಹಿಂದಿನ ಋತುವಿನ ಚಿಗುರು, 15ರಿಂದ 20 ಸೆಂಮೀ, ಹಿಮ್ಮಡಿಯಂತೆ ಹಳೆಮರದ ಚಕ್ಕೆ ಅಂಟಿರುವಂತೆ ಕೆಳಕ್ಕೆ ಎಳೆದು ಕಿತ್ತರೆ ಒಳ್ಳೆಯದು. ಮೇಲ್ಮುಖವಾಗಿ ಬೆಳೆದ ಚಿಗುರನ್ನೇ ಆರಿಸಬೇಕು, ಅಡ್ಡರೆಂಬೆಯ ಕಡ್ಡಿ ಬೇರುಬಿಟ್ಟ ಮೇಲೂ ವರ್ಷಗಟ್ಟಲೆ ಅಡ್ಡಡ್ಡ ಬೆಳೆಯುತ್ತದೆ. ಗಂಡುಮರದ ಕಡ್ಡಿ ಗಂಡುಮರವೇ ಆಗುತ್ತದೆ. ಸೆಲ್ಬೋರ್ನಿನದು ಗಂಡು.

ಕೆಳಗಿನ ಮೂರನೇ ಒಂದು ಭಾಗದ ಎಲೆ ತೆಗೆದು, ಬೇರುಹೊರಡಿಸುವ ಪುಡಿ ಮುಟ್ಟಿಸಿ, ಮರಳುಜಲ್ಲಿ ಮತ್ತು ಎಲೆಗೊಬ್ಬರ ಸಮಪಾಲು ಬೆರೆಸಿದ ಕುಂಡದಲ್ಲಿ 5 ಸೆಂಮೀ ಆಳ ಊರಬೇಕು. ಕೆಳಗೆ 18ರಿಂದ 20 ಡಿಗ್ರಿ ಬಿಸಿ, ಮೇಲೆ ತಂಪು. ಮೂರು ನಾಲ್ಕು ತಿಂಗಳು ಎಳೆದು ನೋಡಬೇಡಿ. ಎಲ್ಲವೂ ಬೇರುಬಿಡುವುದಿಲ್ಲ, ಒಂದು ಸಸಿಗೆ ಹತ್ತು ಕಡ್ಡಿ ಎಂದುಕೊಂಡು ನಾಲ್ಕೈದು ಡಜನ್ ಇಡಿ. ಎರಡು ಬೇರೆ ಜಾಗಗಳಲ್ಲಿ ಇಟ್ಟರೆ ಒಂದು ಕಡೆ ಶಿಲೀಂಧ್ರ ಹತ್ತಿದರೂ ಇನ್ನೊಂದು ಕಡೆ ಉಳಿಯುತ್ತದೆ.

ಮೊಣಕಾಲೆತ್ತರ ಆದ ಮೇಲೆ ಗೋಡೆಯಿಂದಲೂ ಗೋರಿಗಳಿಂದಲೂ ದೂರದ, ನೀರು ನಿಲ್ಲದ ಜಾಗದಲ್ಲಿ ನೆಡಬೇಕು. ಎಳೆಯ ಯೂ ಸಾಯುವುದು ಹೆಚ್ಚಾಗಿ ಹುಲ್ಲು ಕತ್ತರಿಸುವ ದಾರಯಂತ್ರಕ್ಕೆ. ಅದು ಬುಡದ ತೊಗಟೆಯನ್ನು ಸುತ್ತ ಸುಲಿಯುತ್ತದೆ. ಒಂದು ಮೀಟರ್ ವೃತ್ತದಲ್ಲಿ ಹುಲ್ಲು ತೆಗೆದು ಚಕ್ಕೆ ಹೊದಿಸಿ, ಸುತ್ತ ಮರದ ಬೇಲಿ ಕಟ್ಟಿ, ಹುಲ್ಲು ಕತ್ತರಿಸುವವರಿಗೆ ಜಾಗ ತೋರಿಸಿ ಹೇಳಿಡಿ. ಊರುಗೋಲು ಕೊಟ್ಟಿದ್ದರೆ ಎರಡನೇ ವರ್ಷ ಕಿತ್ತುಹಾಕಿ.